ಕೆನ್ನೆ ಕಾಯುವ ಕೆಲಸ

ನಮ್ಮ ಆಪರೇಷನ್ ಥಿಯೇಟರಿನಲ್ಲಿ ಅವನಿಗೆ ಬ್ರೇಕು ಎಂದೇ ಹೆಸರು. ಹೆಸರಿಟ್ಟವಳು ನಾನೇ, ಡಾಕ್ಟರ ಕೈಗೆ ಕತ್ತರಿ ಚಿಮುಟ ಕೊಡುವ ನರ್ಸು. ಮಿದುಳಿನ ಕಾಂಡದೊಳಗೆ ರಕ್ತನಾಳಗಳು ಗಂಟುಕಟ್ಟಿಕೊಂಡು ಒಸರುವ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಹೆಬ್ಬೆರಳು ದಪ್ಪದ ಆ ಜಾಗದಲ್ಲೇ ಉಸಿರು, ನುಂಗು, ನಗು ಎಲ್ಲದರ ಎಳೆಗಳೂ ಒತ್ತೊತ್ತಾಗಿವೆ. ಡಾಕ್ಟರು ಗಂಟು ಬಿಡಿಸುವಾಗ ಇವನು ಮೂಲೆಯ ಕಂಪ್ಯೂಟರ್ ಪರದೆಯ ಮುಂದೆ ಕೂತು, ಮಗುವಿನ ಕೆನ್ನೆಗೆ ಚುಚ್ಚಿದ ಸೂಜಿಗಳಿಂದ ಬರುವ ಗೆರೆಗಳನ್ನು ನೋಡುತ್ತಾನೆ. ಗೆರೆ ಅರ್ಧಕ್ಕಿಳಿದರೆ ನಗುವಿನ ಎಳೆಗೆ ಪೆಟ್ಟಾಗುತ್ತಿದೆ ಎಂದರ್ಥ, ಆಗ "ನಿಲ್ಲಿಸಿ" ಅನ್ನಬೇಕು. ಅದನ್ನು ಕೇಳಿ ಯಾರ ಮುಖವೂ ಅರಳುವುದಿಲ್ಲ.

ಅವನಿಗೊಂದು ಹಟ: ಮಗು ನಿದ್ದೆಹೋಗುವ ಮೊದಲು ಅದರ ಮುಖ ನೋಡುವುದಿಲ್ಲ. ಸೊಕ್ಕು ಅಂದುಕೊಂಡಿದ್ದೆ. ಕೆಣಕಿದಾಗ ಒಂದೇ ಸಲ ಬಾಯಿಬಿಟ್ಟ. ಹಿಂದೆ ಒಂದು ಮಗುವಿನ ಜೊತೆ ವಾರವಿಡೀ ಹಾವು ಏಣಿ ಆಡಿದ್ದನಂತೆ. ಆಪರೇಷನ್ನಿನ ದಿನ ಗೆರೆ ಸ್ವಲ್ಪ ಅಲುಗಿದರೂ ಜೀವ ಬಾಯಿಗೆ ಬಂದು ನಾಲ್ಕು ಸಲ ನಿಲ್ಲಿಸಿದ. ಅವನ ಮಾತು ನಂಬಿ ಡಾಕ್ಟರು ಬಟಾಣಿಯಷ್ಟು ಗಂಟು ಒಳಗೇ ಬಿಟ್ಟು ಹೊಲಿದರು. ಮೂರು ತಿಂಗಳಲ್ಲಿ ಅದು ಒಡೆಯಿತು, ಮಗು ಉಳಿಯಲಿಲ್ಲ. ಆಮೇಲೆ ಅವನು ಮಕ್ಕಳನ್ನಷ್ಟೇ ಅಲ್ಲ, ಎಲ್ಲರನ್ನೂ ದೂರವಿಟ್ಟ. ಕ್ಯಾಂಟೀನಿನಲ್ಲಿ ಗೋಡೆಗೆ ಮುಖಮಾಡಿ ಉಣ್ಣುತ್ತಾನೆ. ಒಡಹುಟ್ಟಿದ ಅಕ್ಕನ ಫೋನನ್ನೂ ಎತ್ತುವುದಿಲ್ಲ. ತಮಾಷೆಗೆ ಹೆಸರಿಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕಳೆದ ತಿಂಗಳು ಏಳು ವರ್ಷದ ಹುಡುಗಿಯೊಬ್ಬಳು ಬಂದಳು. ಎರಡು ಸಲ ರಕ್ತ ಸೋರಿತ್ತು, ಮೂರನೆಯದಾದರೆ ಉಳಿಯುವುದು ಕಷ್ಟ. ಆಪರೇಷನ್ನಿನಲ್ಲಿ ಗಂಟಿನ ಮುಕ್ಕಾಲು ಭಾಗ ಹೊರಬರುವಷ್ಟರಲ್ಲಿ ಎಡಗೆನ್ನೆಯ ಗೆರೆ ಕುಸಿಯಿತು.

"ನಿಲ್ಲಿಸಿ."

"ಇನ್ನು ಚೂರೇ ಇರೋದಪ್ಪ. ಸೂಜಿ ಗೀಜಿ ಜಾರಿಲ್ಲ ತಾನೆ?" ಎಂದರು ಡಾಕ್ಟರು.

ಅವನು ಸೂಜಿ, ವೈರು ಎಲ್ಲ ಮುಟ್ಟಿ ನೋಡಿದ. ಸರಿಯಾಗಿದ್ದವು. ಕೊಯ್ದ ಜಾಗಕ್ಕೆ ಬೆಚ್ಚಗಿನ ನೀರು ಹಾಯಿಸಿ ಹತ್ತು ನಿಮಿಷ ಕಾದೆವು. ಗೆರೆ ಎದ್ದಿತು, ಅರ್ಧದ ಮೇಲೆ ಒಂದಿಷ್ಟು, ಅಷ್ಟೇ.

"ಬಿಟ್ಟು ಹೊಲಿದುಬಿಡ್ಲಾ? ನೀನೇ ಹೇಳು."

ಎಲ್ಲರೂ ಅವನತ್ತ ತಿರುಗಿದೆವು.

"ಬೇಡ. ಮುಂದುವರಿಸಿ," ಅಂದ.

ಗಂಟು ಪೂರ್ತಿ ಬಂತು. ಹುಡುಗಿ ಎದ್ದಳು, ನುಂಗಿದಳು, ಮಾತಾಡಿದಳು. ಎಡಗೆನ್ನೆ ಮಾತ್ರ ಅಲುಗಲಿಲ್ಲ. ಕೆಲವು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು.

ಐದನೆಯ ದಿನ ಅವನು ತಾನಾಗಿ ವಾರ್ಡಿಗೆ ಹೊರಟ. ತಡೆಯಲಾರದೆ ನಾನೂ ಬೆನ್ನಿಗೆ ಹೋದೆ.

"ಅಂಕಲ್, ನೀವು ಡಾಕ್ಟರಾ?" ಎಂದಳು ಹುಡುಗಿ.

"ಅಲ್ಲ ಪುಟ್ಟಿ. ಆಪರೇಷನ್ ಮಾಡೋವಾಗ ನಿನ್ನ ಕೆನ್ನೆ ಕಾಯೋದು ನನ್ನ ಕೆಲಸ."

ಅವಳು ಕೆನ್ನೆ ಮುಟ್ಟಿಕೊಂಡು ಅರ್ಧ ಬಾಯಲ್ಲಿ ನಕ್ಕಳು. "ಈ ಕಡೆ ನೀವು ಸರಿಯಾಗಿ ಕಾದೇ ಇಲ್ಲ!"

"ಶ್, ಹಾಗೆಲ್ಲ ಅನ್ನಬಾರದು," ಎಂದು ತಾಯಿ ಗದರಿದಳು.

"ಹೌದು ಪುಟ್ಟಿ, ಕಾಯ್ಲಿಲ್ಲ," ಅಂದ ಅವನು.

ಯಾಕೆಂದು ಹೇಳಲಿಲ್ಲ. ಹೇಳೋ ದಡ್ಡ, ನೀನು ಉಳಿಸಿದ್ದೇನು ಅಂತ ಹೇಳು ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಹುಡುಗಿ "ಕೂತ್ಕೊಳ್ಳಿ" ಎಂದು ಮಂಚದ ಮೇಲೆ ಸರಿದು ಜಾಗ ಬಿಟ್ಟಳು. ಅವನು ನಿಂತೇ ಇದ್ದ. "ಕೂತ್ಕೊಳ್ಳಿ ಅಂದ್ನಲ್ಲ," ಎಂದು ಅವಳು ರೇಗಿದ ಮೇಲೆ ಕೂತ.