ಬಲಬದಿಗೆ ಹೋದ ಆರು ಲಿಫ್ಟ್‌ಗಳು

೨೦೧೨ರ ಮಾರ್ಚ್, ಎರಡನೆಯ ಶುಕ್ರವಾರ. ಬಹ್ರೇನಿನ ಟುಬ್ಲಿಯಲ್ಲಿ, ಗ್ಯಾರೇಜುಗಳ ಹಿಂದಿನ ಗಟ್ಟಿ ಮರಳಿನ ಮೈದಾನದಲ್ಲಿ ನಮ್ಮ ವಾಲಿಬಾಲ್ ತಂಡ ಸೆಮಿಫೈನಲ್ ಸೋತಿತು. ಕೊನೆಯ ಸೆಟ್ಟು ಹನ್ನೊಂದು–ಹದಿನೈದು.

ನಾನು ಆಡುವವನಲ್ಲ. ದಾವಣಗೆರೆಯಿಂದ ಬಂದು ಪಕ್ಕದ ಸನದ್‌ನ ಒಂದು ಕಚೇರಿಯಲ್ಲಿ ಇಂಜಿನಿಯರ್ ಆಗಿದ್ದೆ, ತಂಡದವರೆಲ್ಲ ಕರಾವಳಿಯವರು. ಡೈರಿ ಬರೆಯುವ ಚಟ ನೋಡಿ ಸ್ಕೋರ್ ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ಅಂಕಗಳ ಜೊತೆಗೆ ಪ್ರತಿ ಲಿಫ್ಟ್, ಅಂದರೆ ಹೊಡೆಯಲೆಂದು ಎತ್ತಿಕೊಟ್ಟ ಚೆಂಡು, ಯಾವ ಕಡೆಗೆ ಹೋಯಿತು, ಯಾರು ಹೊಡೆದರು ಎಂದು ಗುರುತು ಹಾಕುತ್ತಿದ್ದೆ. ಚೆಂಡು ಬೇಕಾದವನು ಲಿಫ್ಟರ್‌ನನ್ನು ಹೇಗೆ ಕರೆದ ಎಂಬುದಕ್ಕೂ ಒಂದು ಕಾಲಂ ಇತ್ತು. ಎಡಗಡೆಯವನು ‘ಹಾಂ’ ಅನ್ನುತ್ತಿದ್ದ, ನಡುವಿನವನು ಚಪ್ಪಾಳೆ ತಟ್ಟುತ್ತಿದ್ದ. ಆ ಕಾಲಂ ತುಂಬಲು ಕಿವಿ ಸಾಕು. ಕಣ್ಣು ಆಗ ಕಾಗದದ ಮೇಲಿರುತ್ತಿತ್ತು.

ನಮ್ಮ ಲಿಫ್ಟರ್ ಟುಬ್ಲಿಯ ಒಂದು ಗ್ಯಾರೇಜಿನಲ್ಲಿ ಡೆಂಟಿಂಗ್ ಕೆಲಸದವನು. ಬಹ್ರೇನಿನ ಕನ್ನಡಿಗರ ತಂಡಗಳಲ್ಲಿ ಅವನಷ್ಟು ಒಳ್ಳೆಯ ಕೈ ಇನ್ನೊಂದಿರಲಿಲ್ಲ. ಆ ದಿನ ಮಾತ್ರ, ಕೊನೆಯ ಸೆಟ್ಟಿನಲ್ಲಿ ಆರು ಸಲ, ಅವನು ಚೆಂಡನ್ನು ತಲೆಯ ಹಿಂದಕ್ಕೆ, ನೆಟ್ಟಿನ ಬಲತುದಿಗೆ ಎತ್ತಿದ. ಅಲ್ಲಿ ಯಾರೂ ಇರಲಿಲ್ಲ. ಆರು ಸಲವೂ ಚೆಂಡು ಸುಮ್ಮನೆ ಮರಳಿಗೆ ಬಿತ್ತು. ಧೂಳಿನ ಗಾಳಿ ಎದ್ದು, ನಾಲ್ಕೂವರೆಗೇ ಸೂರ್ಯ ಬಿಳಿ ತಟ್ಟೆಯ ಹಾಗಾಗಿದ್ದ. ಎದುರು ಬದಿಯ ಆಟಗಾರರು ಬರೀ ಆಕಾರಗಳಾಗಿ ಕಾಣುತ್ತಿದ್ದರು.

ಆ ಬಲತುದಿ ಜನವರಿಯವರೆಗೆ ಅವನ ರೂಮಿನಲ್ಲೇ ಇದ್ದ ಸ್ಮ್ಯಾಷರ್‌ನ ಜಾಗವಾಗಿತ್ತು. ಒಂದೇ ಗ್ಯಾರೇಜು, ಒಂದರ ಮೇಲೊಂದು ಮಂಚ. ಒಂದು ಬೆಳಿಗ್ಗೆ ಆ ಸ್ಮ್ಯಾಷರ್ ಏಳಲಿಲ್ಲ. ಕೆಳಗಿನ ಮಂಚದಿಂದ ಎದ್ದು ಅವನನ್ನು ಅಲುಗಾಡಿಸಿ ನೋಡಿದ್ದು ಲಿಫ್ಟರೇ. ದೇಹವನ್ನು ಊರಿಗೆ ಕಳಿಸಿದ ಮೇಲೆ ಕ್ಯಾಪ್ಟನ್ ತಂಡದ ಜೋಡಣೆ ಬದಲಿಸಿ, ಬಲತುದಿಯನ್ನು ಖಾಲಿ ಬಿಟ್ಟು ಎಡಗಡೆಗೆ ಹೊಸಬನನ್ನು ಹಾಕಿದ್ದರು.

ಮ್ಯಾಚ್ ಮುಗಿದದ್ದೇ ತಡ, ನೆಟ್ ಬಿಚ್ಚುತ್ತಲೇ ಮಾತು ಶುರುವಾಯಿತು.

“ಬೇಕೂಂತಲೇ ಬಿಟ್ಟದ್ದು ಮಾರ್ರೆ,” ಎಂದ ಎಡಗಡೆಯ ಹೊಸಬ. “ಎದುರಿನ ಟೀಮಲ್ಲಿ ಅರ್ಧ ಜನ ಇವನ ಊರಿನವ್ರು.”

“ಊರಿನವ್ರಿಗೆ ಪ್ರೀತಿಯಿಂದ ಬಡಿಸಿದ್ದು, ಪಾಯಸ ಬಡಿಸಿದ ಹಾಗೆ,” ಎಂದ ನಡುವಿನವನು. ಒಂದಿಬ್ಬರು ನಕ್ಕರು.

ಲಿಫ್ಟರ್ ಹಗ್ಗ ಸುತ್ತುತ್ತಿದ್ದ.

ಕ್ಯಾಪ್ಟನ್ನನ್ನು ಎಲ್ಲರೂ ಅಣ್ಣ ಅನ್ನುತ್ತಿದ್ದರು. ಅವರು ನನ್ನ ಕಡೆ ತಿರುಗಿದರು. “ಇಂಜಿನಿಯರ್ರೆ, ಬಾಯಿಗೆ ಬಂದದ್ದು ಯಾರೂ ಹೇಳುದು ಬೇಡ. ನಾಳೆ ಸಂಜೆ ನಿಮ್ಮ ಪುಸ್ತಕ ತನ್ನಿ. ಅದು ಹೇಳಿದ್ದೇ ತೀರ್ಮಾನ. ತಪ್ಪು ಇವಂದಾದ್ರೆ ಇವ ಟೀಮಲ್ಲಿಲ್ಲ.”

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಲೆಕ್ಕಕ್ಕೆ ಕೂತೆ. ಒಟ್ಟು ಲಿಫ್ಟ್, ಸರಿಯಾದವು, ವ್ಯರ್ಥವಾದವು. ಕೊನೆಯ ಪುಟದಲ್ಲಿ ಆ ಆರು ಸಾಲುಗಳಿಗೆ ಬಂದೆ. ‘ಹೊಡೆದವರು’ ಖಾಲಿ ಇತ್ತು. ‘ಕರೆದದ್ದು’ ಖಾಲಿ ಇರಲಿಲ್ಲ. ಆರೂ ಸಾಲಿನಲ್ಲಿ ‘೨’ ಎಂದು ಬರೆದಿತ್ತು, ನನ್ನದೇ ಅಕ್ಷರದಲ್ಲಿ.

‘೨’ ಅಂದರೆ ಎರಡು ಸಲ ಹಿಮ್ಮಡಿ ತಟ್ಟಿದ್ದು. ಹಾಗೆ ಕರೆಯುತ್ತಿದ್ದವನು ತಂಡದಲ್ಲಿ ಒಬ್ಬನೇ. ಜನವರಿಯಲ್ಲಿ ಹೋದವನು.

ಬರೆದದ್ದು ನನಗೆ ನೆನಪಿರಲಿಲ್ಲ. ಹಳೆಯ ರೂಢಿಯಲ್ಲಿ ಬೆರಳು ತಾನೇ ಬರೆದಿರಬೇಕು ಎಂದುಕೊಂಡೆ. ಆದರೆ ಅದೇ ಸೆಟ್ಟಿನ ಬೇರೆ ಇಪ್ಪತ್ತು ಸಾಲುಗಳಲ್ಲಿ ಒಂದು ಗುರುತೂ ತಪ್ಪಿರಲಿಲ್ಲ.

ಲಿಫ್ಟರ್‌ಗೆ ಫೋನ್ ಮಾಡಿದೆ. ನಮ್ಮ ಬೀದಿಯ ಮಲಯಾಳಿ ಚಹಾದಂಗಡಿಗೆ ಬಂದ. ಕಣ್ಣು ಕೆಂಪಗಿತ್ತು, ಚಹಾ ಮುಟ್ಟಲಿಲ್ಲ.

“ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿತ್ತಲ್ಲ, ಯಾಕೆ ಎತ್ತಿದ್ರಿ?” ಎಂದು ಕೇಳಿದೆ.

“ಗೊತ್ತುಂಟು ಸರ್. ಆದ್ರೆ ಹಿಂದೆ ಕಾಲು ತಟ್ಟಿದ ಹಾಗೆ ಕೇಳ್ತದೆ. ಕೇಳಿದ ಮೇಲೆ ಕೈ ನನ್ನ ಮಾತು ಕೇಳುದಿಲ್ಲ.” ನಾಚಿಕೆಯಿಂದ ನಕ್ಕ. “ತಲೆ ಕೆಟ್ಟದ್ದು ಅಷ್ಟೇ. ನಿದ್ದೆ ಇಲ್ಲ ನೋಡಿ. ರಜೆಯಲ್ಲಿ ಊರಿಗೆ ಹೋದ್ರೆ ಸರಿಯಾಗ್ತದೆ.”

ಅವನಿಗೆ ಒಳ್ಳೆಯದಾಗಲಿ ಎಂದೇ ನಾನು ಪುಸ್ತಕ ತೆರೆದು ಆ ಕಾಲಂ ತೋರಿಸಿದೆ. ತಪ್ಪು ನಿಮ್ಮದಲ್ಲ, ಕರೆದದ್ದು ನನಗೂ ಕೇಳಿಸಿದೆ, ಇದನ್ನು ಓದಿದರೆ ಅಣ್ಣ ನಿಮ್ಮನ್ನು ತೆಗೆಯುವುದಿಲ್ಲ ಎಂದೆ.

ಅವನು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಆರನೆಯದರವರೆಗೆ ಹೋದ. ಪುಸ್ತಕ ಮುಚ್ಚಿದ.

“ಇದನ್ನು ಓದ್ಬೇಡಿ ಸರ್,” ಎಂದ ಮೆಲ್ಲನೆ. “ತಪ್ಪು ನಂದು ಅಂತ ಹೇಳಿ. ಟೀಮಿಂದ ತೆಗೀಲಿ, ಅಡ್ಡಿಯಿಲ್ಲ. ನನಗೆ ಮಾತ್ರ ಕೇಳಿದ್ದಾದ್ರೆ ಅದು ಕಾಯಿಲೆ, ಮದ್ದುಂಟು. ನಿಮಗೂ ಕೇಳಿದ್ದಾದ್ರೆ ಆ ರೂಮಲ್ಲಿ ನಾನು ಹೇಗೆ ಮಲಗುದು? ಮೇಲಿನ ಮಂಚ ಇನ್ನೂ ಖಾಲಿ ಉಂಟು.”

ಸಂಜೆ ಆರಕ್ಕೆ ಅಣ್ಣನ ರೂಮಿನಲ್ಲಿ ಒಂಬತ್ತು ಜನ ನೆಲದ ಮೇಲೆ ಕೂತಿದ್ದರು. ಪುಸ್ತಕ ನನ್ನ ತೊಡೆಯ ಮೇಲಿತ್ತು. ವ್ಯರ್ಥ ಲಿಫ್ಟ್ ಆರು, ಯಾರೂ ಕರೆಯಲಿಲ್ಲ, ಆರೂ ಲಿಫ್ಟರ್‌ನ ತಪ್ಪು ಎಂದು ಓದಿದೆ. ಬರೆದದ್ದನ್ನು ಬಿಟ್ಟು ಬೇರೆ ಓದಿದ್ದು ಅದೇ ಮೊದಲು.

“ಬೇಕೂಂತ ಮಾಡಿದ್ದಾ?” ಎಂದು ಅಣ್ಣ ಕೇಳಿದರು.

“ಅಲ್ಲ,” ಎಂದೆ. “ಗಮನ ತಪ್ಪಿದ್ದು.”

ಅಣ್ಣ ಲಿಫ್ಟರ್‌ನ ಕಡೆ ತಿರುಗಿದರು. “ಈ ಸೀಸನ್ ಸಾಕು ಮಾರಾಯ. ರೆಸ್ಟ್ ಮಾಡು,” ಎಂದರು. ಹೊಸಬ ಏನೋ ಹೇಳಲು ಬಾಯಿ ತೆರೆದ. ಪಕ್ಕದವನು ಅವನ ಮೊಣಕಾಲು ಒತ್ತಿದ.

ಲಿಫ್ಟರ್ ಅವರೆದುರು ತಲೆಯಾಡಿಸಿದ. ತಂಡ ಬಿಟ್ಟರೆ ಅವನಿಗೆ ಶುಕ್ರವಾರ ಹೋಗಲು ಬೇರೆ ಜಾಗವಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅವನ ಮುಖ ಹಗುರವಾಗಿತ್ತು.

“ಉಪಕಾರ ಆಯ್ತು ಸರ್,” ಎಂದ. ಹೊರಟವನು ನಿಂತು ಕೇಳಿದ: “ಅದೊಂದೇ ಮ್ಯಾಚಲ್ಲಿ ಅಲ್ವಾ, ಆ ಗುರುತು?”

“ಅದೊಂದೇ,” ಎಂದೆ.

ಜನವರಿಯಿಂದ ಆ ದಿನದವರೆಗೆ ನಾವು ಇನ್ನೂ ಮೂರು ಮ್ಯಾಚ್ ಆಡಿದ್ದೆವು. ಆ ಪುಟಗಳನ್ನು ನಾನು ಈವರೆಗೆ ತೆರೆದು ನೋಡಿಲ್ಲ.