ಬಿಳಿ ರಿಬ್ಬನ್ನಿನ ಹುಡುಗಿ

ವಾಡಿ ಸ್ಟೇಷನ್ನಿನ ಎದುರು ನಮ್ಮ ಬೂಟಿನ ಅಂಗಡಿ ಇತ್ತು. ಅಪ್ಪ ಹೊಲಿಯುತ್ತಿದ್ದ, ಅವ್ವ ಗಲ್ಲೆಯ ಹತ್ತಿರ ಕೂರುತ್ತಿದ್ದಳು. ಇಬ್ಬರೂ ಕಲ್ಕತ್ತೆಯಿಂದ ಬಂದ ಚೀನಿಯರು. ರೈಲ್ವೆಯವರಿಗೆ ಗಟ್ಟಿ ಬೂಟು ಬೇಕೇ ಬೇಕಲ್ಲ ಎಂಬ ಧೈರ್ಯದ ಮೇಲೆ ಈ ಊರಿಗೆ ಇಳಿದಿದ್ದರು. ನಾನು ಹುಟ್ಟಿದ್ದು ಇಲ್ಲೇ. ಚೀನಾ ಯುದ್ಧವಾದ ಮೇಲೆ ಅಂಗಡಿಯಲ್ಲಿ ನಮ್ಮ ಭಾಷೆ ಆಡಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ. ಹೀಗಾಗಿ ಅವ್ವ ನನ್ನನ್ನು ಬೈಯುವುದಿದ್ದರೂ ಗಿರಾಕಿಗಳಿಂದ ಕಲಿತ ಕನ್ನಡದಲ್ಲೇ ಬೈಯುತ್ತಿದ್ದಳು.

ಶಾಲೆಯಲ್ಲಿ ನನ್ನನ್ನು 'ಏ ಚೀನಿ' ಎಂದೇ ಕರೆಯುತ್ತಿದ್ದರು. ಕರೆಯಲಿ ಬಿಡಿ, ಓದಿನಲ್ಲಿ ಮೊದಲನೆಯವಳು ನಾನೇ. ಲೆಕ್ಕ ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಲು ಮಾಸ್ತರರು ಸರಿ ಹೇಳಿದವರನ್ನು ಕಳಿಸುತ್ತಿದ್ದರು, ಅಂದರೆ ನನ್ನನ್ನು. ಚೀನಿ ಎಂದು ಕೂಗಿದವರ ಮೂಗುಗಳೆಲ್ಲ ನನ್ನ ಕೈಗೆ ಬರುತ್ತಿದ್ದವು. ಭಾಳ ಸುಖದ ದಿನಗಳು.

ಆಮೇಲೆ ಸೊಲ್ಲಾಪುರದಿಂದ ಆ ಹುಡುಗಿ ಬಂದಳು. ಅವಳಪ್ಪ ಗೂಡ್ಸ್ ಗಾಡಿಯ ಗಾರ್ಡ್, ವರ್ಗವಾಗಿ ಬಂದವನು. ಹಿಂದಿನ ಶಾಲೆಯ ರೂಢಿಯಂತೆ ಅವಳು ಎರಡು ಜಡೆ ಮಡಚಿ ಬಿಳಿ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. ನಮ್ಮ ಊರಿನ ಹುಡುಗಿಯರಲ್ಲಿ ಬಿಳಿ ರಿಬ್ಬನ್ ಅವಳೊಬ್ಬಳದೇ. ನನ್ನ ಇಲಿಬಾಲದಂಥ ಜಡೆಗಳಿಗೆ ಅವ್ವ ದಿನಾ ಕೆಂಪು ದಾರವನ್ನೇ ಸುತ್ತುತ್ತಿದ್ದಳು. ಬಂದ ವಾರವೇ ಅವಳು ನನ್ನ ಮೂಗು ಹಿಡಿದಳು. ಮೆತ್ತಗೆ ಹಿಡಿದಳು, ಅದೇ ಉರಿ. ಜೋರಾಗಿ ಹಿಡಿದಿದ್ದರೆ ಜಗಳವಾದರೂ ಆಡಬಹುದಿತ್ತು.

ಶಾಲೆ ಹೋದರೆ ಹೋಗಲಿ, ಮನೆಯಾದರೂ ನನ್ನದು ಎಂದುಕೊಂಡಿದ್ದೆ. ಒಂದು ಸಂಜೆ ಅವಳು ಹರಿದ ಚಪ್ಪಲಿ ಹಿಡಿದು ಅಂಗಡಿಗೇ ಬಂದಳು. ಅವ್ವ ಅವಳ ತಲೆ ನೋಡಿದವಳೇ ಗಲ್ಲೆ ಬಿಟ್ಟು ಎದ್ದಳು.

"ಬಾ ಮಗಾ, ಕುಂದ್ರು. ಮನ್ಯಾಗ ಯಾರ್ ಅದಾರ?"

"ಅವ್ವ, ಅಜ್ಜಿ ಅದಾರ್ರಿ," ಅಂದಳು. ಅವಳಪ್ಪ ಡ್ಯೂಟಿಗೆ ಹೋಗಿದ್ದನಲ್ಲ, ಅದಕ್ಕೆ ಅವನನ್ನು ಹೇಳಲಿಲ್ಲ.

ಅವ್ವನ ಕಣ್ಣು ತುಂಬಿತು. ನನಗೆಂದು ಎತ್ತಿಟ್ಟಿದ್ದ ಅಕ್ಕಿಹಿಟ್ಟಿನ ಸಿಹಿ ಅವಳ ಬಾಯಿಗೆ ಹೋಯಿತು. ಅಪ್ಪನಿಗೆ ಹೇಳಿ ಹೊಸ ಚಪ್ಪಲಿಯ ಅಳತೆ ತೆಗೆಸಿದಳು, ಅದೂ ಪುಕ್ಕಟೆ. ನಾನು ಹಾಕಿಕೊಳ್ಳುತ್ತಿದ್ದುದು ಮಾರಾಟವಾಗದೆ ಉಳಿದ, ಎಡಬಲ ಒಂದಕ್ಕೊಂದು ಹೊಂದದ ಜೋಡು. ಅಪ್ಪ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತ ಪೆನ್ಸಿಲ್ ಎಳೆಯುತ್ತಿದ್ದರೆ, ನನ್ನ ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು.

ಅಂದಿನಿಂದ ಅವಳು ಬಂದಾಗಲೆಲ್ಲ ಅವ್ವ ಅವಳ ತಲೆ ಸವರುವುದೇನು, ಮಡಿಲಿಗೆ ಎಳೆದುಕೊಳ್ಳುವುದೇನು! ನನ್ನ ತಲೆ ಮುಟ್ಟುತ್ತಿದ್ದುದು ದಾರ ಸುತ್ತುವಾಗ, ಹೇನು ತೆಗೆಯುವಾಗ ಮಾತ್ರ. ಏನಿದೆ ಅವಳಲ್ಲಿ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಅವಳಲ್ಲಿದ್ದು ನನ್ನಲ್ಲಿ ಇಲ್ಲದ್ದು ಅಂದರೆ ಆ ರಿಬ್ಬನ್ ಒಂದೇ. ಸರಿ, ಸಂತೆಯಲ್ಲಿ ನಾನೂ ಒಂದು ಕೊಂಡೆ.

ಆ ದಿನ ಅಪ್ಪ ಗುಲ್ಬರ್ಗಾಕ್ಕೆ ಹೋಗಿದ್ದ. ಜಿಲ್ಲೆ ಬಿಟ್ಟು ತೊಗಲು ತರಲು ಹೋಗಬೇಕಾದರೂ ನಮಗೆ ಪೊಲೀಸರ ಪರವಾನಗಿ ಬೇಕಿತ್ತು. ಅದನ್ನು ಕೇಳಲು ಹೋದವನು ಮಧ್ಯಾಹ್ನದ ಗಾಡಿಗೆ ಬರಲಿಲ್ಲ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಬಿಳಿ ರಿಬ್ಬನ್ ಕಟ್ಟಿಕೊಂಡು, ಜಡೆ ಮುಂದಕ್ಕೆ ಹಾಕಿಕೊಂಡು, ಈಗ ನೋಡಲಿ ಎಂದು ಬೀಗುತ್ತ ಬಂದೆ.

ಅವ್ವ ಚೀರಿದಳು. ಪಕ್ಕದ ಚಹಾದಂಗಡಿಯವರು ಓಡಿ ಬಂದರು. ಅವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಯಾರ್ ಹೇಳ್ಯಾರ ನಿನಗ? ಶಾಲಿಗಿ ತಾರ್ ಬಂದದ ಏನು? ನಿಮ್ಮಪ್ಪಗ ಏನಾಗ್ಯದ?"

"ಏನೂ ಆಗಿಲ್ಲಬೇ! ನಾನೇ ಕೊಂಡೀನಿ!"

ಅವಳು ನೆಲದ ಮೇಲೇ ಕುಸಿದು, ನನ್ನನ್ನು ತಬ್ಬಿಕೊಂಡು ಅತ್ತಳು. ಅಂಥ ಅಪ್ಪುಗೆಗಾಗಿ ನಾನು ಎಷ್ಟು ಹಂಬಲಿಸಿದ್ದೆ. ಆದರೆ ಅದು ಅಪ್ಪನ ಪಾಲಿನದು ಎಂದು ಆಗಲೇ ತಿಳಿಯಿತು. ರಿಬ್ಬನ್ ಕಿತ್ತೆಸೆದು ಹೇಳಿದಳು: "ನಮ್ಮ ಮಂದ್ಯಾಗ ಅಪ್ಪ ಸತ್ತಾಗಷ್ಟೇ ಮಗಳು ತಲಿಗಿ ಬಿಳೇದು ಕಟ್ತಾಳ. ಆ ಕೂಸಿಗಿ ನೋಡಿಲ್ಲೇನು? ಪಾಪ, ಅಪ್ಪ ಇಲ್ಲದ ಕೂಸು."

ಆಹಾ! ನನಗೆ ಹಾರಿ ಕುಣಿಯುವಷ್ಟು ಆನಂದವಾಯಿತು. "ಆಕಿ ಅಪ್ಪ ಅದಾನ! ಗಾರ್ಡ್ ಅದಾನ! ನಿನ್ನೆ ಸ್ಟೇಷನ್ದಾಗ ಭಜಿ ತಿನ್ನಾಕತ್ತಿದ್ದ, ನಾನೇ ನೋಡೀನಿ!"

ಇನ್ನು ಅವಳ ಕಥೆ ಮುಗಿಯಿತು ಎಂದುಕೊಂಡೆ. ಅವ್ವ ನನ್ನ ಮುಖವನ್ನೇ ನೋಡಿದಳು. "ಖರೇನಾ? ಜೀವಂತ ಅದಾನಾ?" ಎಂದು ಕೇಳಿ ಮತ್ತೆ ಅತ್ತಳು, ಈ ಸಲ ನಗುತ್ತ. ಸಂಜೆಯ ಗಾಡಿಗೆ ಅಪ್ಪ ಇಳಿದಾಗ, ಪರವಾನಗಿ ಸಿಕ್ಕಿತೇ ಎಂದು ಕೇಳುವ ಮೊದಲೇ, ಆ ಹುಡುಗಿಯ ಅಪ್ಪ ಬದುಕಿರುವ ಸುದ್ದಿ ಹೇಳಿದಳು. ಇಬ್ಬರೂ ಹಬ್ಬ ಬಂದಂತೆ ನಕ್ಕರು. ನಾನು ಮೂಲೆಯಲ್ಲಿ ಕೂತಿದ್ದೆ, ಯಾರೂ ಕೇಳಲಿಲ್ಲ.

ಮರುದಿನ ಅವ್ವ ಅವಳನ್ನು ಕರೆಸಿದಳು. ಅಪ್ಪ ಇರುವ ಮಗಳ ತಲೆಯಲ್ಲಿ ಬಿಳಿ ಬಣ್ಣ ಒಂದು ಗಳಿಗೆಯೂ ಇರಕೂಡದಂತೆ. ಟ್ರಂಕಿನ ತಳದಿಂದ ತನ್ನ ಮದುವೆಯ ಕೆಂಪು ರೇಷ್ಮೆ ಪಟ್ಟಿ ತೆಗೆದು, ಎರಡು ತುಂಡು ಮಾಡಿ, ಅವಳ ಎರಡೂ ಜಡೆಗೆ ಕಟ್ಟಿದಳು. ಚಂದ ಕಂಡಳು ಮುಂಡೇದು.

"ಅದು ನನಗಂತ ಇಟ್ಟಿದ್ದಿ!" ಎಂದು ನಾನು ಕೂಗಿದೆ.

"ನಿನಗ್ಯಾಕ ಬೇಕು ಅದು? ನಿನಗ ನಾನೇ ಅದೀನಲ್ಲ," ಅಂದಳು ಅವ್ವ.

ಅವಳ ಕೈ ಆಗಲೂ ಆ ಹುಡುಗಿಯ ತಲೆಯ ಮೇಲೇ ಇತ್ತು.