ಪಾತ್ರೆಗಳ ನಡುವೆ ಸೈಲೆನ್ಸರ್ ಮೂತಿ

ಸಾಹೇಬರ ಮೋಟಾರಿನ ಮುಂಭಾಗ ಹೇಗಿತ್ತು ಎಂದು ಮೊಮ್ಮಕ್ಕಳು ಕೇಳಿದರೆ ನಾನು ತಡವರಿಸುತ್ತೇನೆ. ಹಿಂಭಾಗ ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಎಡಗಡೆಗೆ, ನೆಲದಿಂದ ಒಂದು ಗೇಣು ಮೇಲೆ, ಹೊಗೆ ಬಿಡುವ ಕೊಳವೆ. ಅದರ ತುದಿಗೆ ಸಾಹೇಬರು ಹೈದರಾಬಾದಿನಿಂದ ತರಿಸಿ ಹಾಕಿಸಿದ್ದ ಒಂದು ಬೆಳ್ಳನೆಯ ತುಂಡು. ಅಂಗೈ ಉದ್ದ, ಬಾಯಿಯ ಹತ್ತಿರ ತುಸು ಅಗಲ. ನಮ್ಮ ಮನೆಯವರು ಅದನ್ನು ಸೈಲೆನ್ಸರ್ ಮೂತಿ ಎನ್ನುತ್ತಿದ್ದರು. ನೋಡಿದರೆ ಇಷ್ಟೇ ಇಷ್ಟು. ನನ್ನ ಎರಡು ವರ್ಷದ ಮುಂಜಾನೆಗಳನ್ನೆಲ್ಲ ಅದು ತಿಂದು ಹಾಕಿತು.

ಆಗ ನಿಜಾಮರ ಆಳ್ವಿಕೆ. ನಾವು ಲಿಂಗಸುಗೂರಿನಲ್ಲಿದ್ದೆವು. ಮನೆಯವರು ತಾಲೂಕಿನ ದೊಡ್ಡ ಅಧಿಕಾರಿಯೊಬ್ಬರ ಮೋಟಾರು ಓಡಿಸುತ್ತಿದ್ದರು. ಆ ಅಧಿಕಾರಿಯನ್ನೇ ನಾವು ಸಾಹೇಬರು ಎನ್ನುತ್ತಿದ್ದುದು. ಬಂಗಲೆಯ ಹಿಂದೆ ಮೋಟಾರಿನ ಶೆಡ್ಡು, ಶೆಡ್ಡಿನ ಗೋಡೆಗೆ ಆತುಕೊಂಡು ನಮ್ಮದೊಂದು ಖೋಲಿ. ನಾನು ಬಂಗಲೆಯ ಪಾತ್ರೆ ತಿಕ್ಕುತ್ತಿದ್ದೆ. ಅವರ ಮನೆಯಲ್ಲಿ ಎಲ್ಲವೂ ತಾಮ್ರ. ಒಳಗೆ ಬೆಳ್ಳಗೆ ಕಲಾಯಿ, ಹೊರಗೆ ಕೆಂಪಗೆ ಹೊಳೆಯಬೇಕು. ಹುಣಸೆಹಣ್ಣು, ಉಪ್ಪು, ಬೂದಿ, ಇಟ್ಟಿಗೆ ಪುಡಿ. ಇವಿಷ್ಟಿದ್ದರೆ ನಾನು ಎಂಥ ಕಿಲುಬನ್ನೂ ಬಿಡಿಸುತ್ತಿದ್ದೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ಬೇರೆ ಯಾವ ವಿಷಯದಲ್ಲಿ ಜಂಬಪಡಬೇಕಿತ್ತು ನಾನು?

ಎರಡನೆಯ ಮಹಾಯುದ್ಧ ನಡೆದಿದ್ದ ದಿನಗಳು. ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರು ತಿಂಗಳಿಗೆ ಒಮ್ಮೆಯೋ ಎರಡು ಸಲವೋ ಹೊರಗೆ ಬರುತ್ತಿತ್ತು. ಉಳಿದ ದಿನ ಸಾಹೇಬರು ಟಾಂಗಾದಲ್ಲೇ ತಿರುಗುತ್ತಿದ್ದರು. ಹಾಗೆಂದು ಮೋಟಾರಿಗೆ ರಜೆಯಿರಲಿಲ್ಲ. ದಿನಾ ನಾಷ್ಟಾ ಮುಗಿಸಿ, ಕೈಯಲ್ಲಿ ಬೆತ್ತ ಹಿಡಿದು, ಸಾಹೇಬರು ಶೆಡ್ಡಿಗೆ ಬರುತ್ತಿದ್ದರು. ಒಂದು ಸುತ್ತು ಹಾಕಿ, ಕಡೆಗೆ ಹಿಂಭಾಗದಲ್ಲಿ ಬಗ್ಗಿ, ಆ ಮೂತಿಯಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಿದ್ದರು. ಮೀಸೆ ಕಂಡರೆ ಆ ದಿನ ಎಲ್ಲರಿಗೂ ಸುಖ. ಕಾಣದಿದ್ದರೆ ಚಪರಾಸಿಯಿಂದ ಹಿಡಿದು ಟಾಂಗಾದ ಕುದುರೆಯ ತನಕ ಬೈಗುಳ. ಹೊಗೆ ಬಿಡುವ ಬಾಯಿಗೆ ಇಷ್ಟು ಸಿಂಗಾರ ಯಾಕೆ ಎಂದು ನಾನು ಕೇಳಿದ್ದು ಮನೆಯವರನ್ನು ಮಾತ್ರ. ಅವರು, "ನಿನಗ್ಯಾಕ ಬೇಕು ಉಸಾಬರಿ," ಅಂದಿದ್ದರು.

ಆ ಉಸಾಬರಿ ನನ್ನ ತಲೆಗೇ ಬಂತು. ಒಂದು ದಿನ ಮುಂಭಾಗದ ಹ್ಯಾಂಡಲ್ ತಿರುಗಿಸಿ ಮೋಟಾರು ಚಾಲೂ ಮಾಡುವಾಗ ಹ್ಯಾಂಡಲ್ ಎದುರು ಹೊಡೆದು ಮನೆಯವರ ಬಲ ಮಣಿಕಟ್ಟು ಮುರಿಯಿತು. ಸಂತೆಕಲ್ಲೂರಿನ ಕಡೆಯವನೊಬ್ಬ ಎಲುಬು ಕೂಡಿಸಿ ಬಿದಿರು ಕಟ್ಟಿದ. ಎಲುಬು ಕೂಡಿತು, ಬೆರಳು ಕೂಡಲಿಲ್ಲ. ನಡುವಿನ ಮೂರು ಬೆರಳು ಮಡಚುತ್ತಲೇ ಇರಲಿಲ್ಲ. ಸ್ಟೇರಿಂಗನ್ನು ಅಂಗೈಯಿಂದ ಒತ್ತಿ ಹಿಡಿದು ಹೇಗೋ ಓಡಿಸುತ್ತಿದ್ದರು. ಹ್ಯಾಂಡಲ್ ಹೊಡೆಯುವುದು ಚಪರಾಸಿಯ ಕೆಲಸವೆಂದು ಜಬರ್ದಸ್ತಿನಿಂದ ಅವನ ಕೈಲೇ ಹೊಡೆಸುತ್ತಿದ್ದರು. ಆದರೆ ಬಟ್ಟೆ ಹಿಡಿದು ಒತ್ತಿ ಉಜ್ಜಲು ಆಗುತ್ತಿರಲಿಲ್ಲ. ಬಟ್ಟೆ ಜಾರಿ ಕೆಳಗೆ ಬೀಳುತ್ತಿತ್ತು.

ಕೈ ಪೂರ್ತಿ ವಾಸಿಯಾಗಿದೆ ಎಂದು ಸಾಹೇಬರಿಗೆ ಹೇಳಿಬಿಟ್ಟಿದ್ದರು. ಹೇಳದೆ ವಿಧಿಯಿರಲಿಲ್ಲ. ನಮಗಿಂತ ಮುಂಚೆ ಇದ್ದ ಡ್ರೈವರನ ಕಣ್ಣು ಮಂಜಾಗಿದೆ ಎಂದು ತಿಳಿದ ದಿನವೇ ಅವನ ಗಂಟುಮೂಟೆ ಹೊರಗೆ ಬಂದಿತ್ತು. ಅವನು ಖಾಲಿ ಮಾಡಿದ ಖೋಲಿಯಲ್ಲೇ ನಾವಿದ್ದದ್ದು. ನೌಕರಿ ಹೋದರೆ ಖೋಲಿಯೂ ಹೋಗುತ್ತಿತ್ತು. ಆವತ್ತಿನಿಂದ ಮನೆಯವರು ಖಾಕಿ ಕೋಟು ಬಿಚ್ಚಲಿಲ್ಲ. ಬಲಗೈ ಯಾವಾಗಲೂ ಕೋಟಿನ ಜೇಬಿನಲ್ಲಿ. ಬೇಸಿಗೆಯಲ್ಲಿ ಲಿಂಗಸುಗೂರಿನ ಕಲ್ಲು ಸುಡುವಾಗಲೂ ಕೋಟೇ.

"ಕೈ ತೋರಿಸಬಾರದು. ಯಾರಿಗೂ," ಅಂದರು ನನಗೆ.

"ಮೂತಿ ಯಾರು ತಿಕ್ಕಬೇಕ್ರಿ?"

ಅವರು ನಾನು ತಿಕ್ಕುವ ಪಾತ್ರೆಗಳ ರಾಶಿ ನೋಡಿದರು. ನನಗೆ ತಿಳಿಯಿತು.

ದಿನಾ ಬೆಳಕು ಹರಿಯುವ ಹೊತ್ತಿಗೆ ಅವರು ಎಡಗೈಯಿಂದ ಸ್ಕ್ರೂ ಸಡಿಲಿಸಿ ಆ ಮೂತಿಯನ್ನು ಕೊಳವೆಯಿಂದ ಕಳಚಿ ತಂದು, ನನ್ನ ಪಾತ್ರೆಗಳ ನಡುವೆ ಇಟ್ಟು ಹೋಗುತ್ತಿದ್ದರು. ಹಂಡೆಯ ಪಕ್ಕ, ಡೇಗ್ಚಿಯ ಪಕ್ಕ ಅದೂ ಒಂದು ಪಾತ್ರೆ. ಯಾರು ನೋಡಿದರೂ ಹೆಂಗಸೊಬ್ಬಳು ಪಾತ್ರೆ ತಿಕ್ಕುತ್ತಿದ್ದಾಳೆ, ಅಷ್ಟೇ. ಹೈದರಾಬಾದಿನಿಂದ ಬರುತ್ತಿದ್ದ ಪಾಲಿಶಿನ ಡಬ್ಬಿ ಯುದ್ಧ ಶುರುವಾದ ಮೇಲೆ ನಿಂತುಹೋಗಿತ್ತು. ನನಗೆ ಅದರ ಗರಜೂ ಬೀಳಲಿಲ್ಲ. ಒಳಗಿನ ಮಸಿಗೆ ಬೂದಿ, ಹೊರಗಿನ ಹೊಳಪಿಗೆ ಹುಣಸೆಹಣ್ಣು, ಹಠ ಹಿಡಿದ ಕಲೆಗೆ ಇಟ್ಟಿಗೆ ಪುಡಿ. ಸಿಂಧನೂರಿನ ಕಡೆ ಹೋಗಿ ಬಂದ ದಿನವಂತೂ ಎರೆ ಮಣ್ಣು ಬಿಸಿಗೆ ಬೆಂದು ಅಂಟಿಕೊಂಡಿರುತ್ತಿತ್ತು. ಅದಕ್ಕೆ ತೆಂಗಿನ ನಾರು ಹಚ್ಚಿ, ಮೊಳಕಾಲ ನಡುವೆ ಮೂತಿ ಸಿಕ್ಕಿಸಿಕೊಂಡು, ಭುಜ ಬೀಳುವ ತನಕ ಉಜ್ಜುತ್ತಿದ್ದೆ.

ಸಾಕಾಗಿತ್ತು ನನಗೆ. ಹುಣಸೆ ಹುಳಿಗೆ ಬೆರಳ ಸಂದುಗಳು ಸೀಳಿದ್ದವು, ರೊಟ್ಟಿ ಬಡಿಯುವಾಗ ಹಿಟ್ಟು ತಾಗಿದರೂ ಉರಿಯುತ್ತಿತ್ತು. ಒಂದಿಷ್ಟು ಬಟ್ಟೆ ಸುತ್ತಿಕೊಂಡು ತಿಕ್ಕು ಎಂದಾದರೂ ಹೇಳಬಹುದಿತ್ತು ಅವರು. ಹೇಳುತ್ತಿರಲಿಲ್ಲ. ತಮ್ಮ ಕೈಯ ಮಾತೇ ಬರಬಾರದೆಂದು ಯಾವ ಕೈಯ ಮಾತನ್ನೂ ಎತ್ತುತ್ತಿರಲಿಲ್ಲ. ಕೆಲವು ದಿನ ಸಿಟ್ಟು ಬಂದು, ಇವತ್ತು ಹೋಗಿ ಹೇಳಿಬಿಡುತ್ತೇನೆ, ಒಂದು ಸಲ ಎಲ್ಲ ಮುಗಿದುಹೋಗಲಿ ಎಂದುಕೊಳ್ಳುತ್ತಿದ್ದೆ. ಆಮೇಲೆ ಮಳೆಗಾಲದಲ್ಲಿ ನಮ್ಮ ಸಾಮಾನೆಲ್ಲ ಬೀದಿಯಲ್ಲಿ ನೆನೆಯುವುದು ಕಣ್ಣಿಗೆ ಬಂದು, ಮತ್ತೊಂದು ಹಿಡಿ ಬೂದಿ ತೆಗೆದುಕೊಳ್ಳುತ್ತಿದ್ದೆ.

ಎರಡನೆಯ ವರ್ಷ ಒಂದು ಮುಂಜಾನೆ ಮೂತಿಯ ಅಂಚಿನಲ್ಲಿ ಹಳದಿ ಕಂಡಿತು. ಕೊಳೆಯೆಂದು ಇನ್ನಷ್ಟು ಉಜ್ಜಿದೆ. ಹಳದಿ ಇನ್ನಷ್ಟು ಅಗಲವಾಯಿತು. ಒಳಗೆ ಹಿತ್ತಾಳೆ! ಬೆಳ್ಳಿಯಂಥದ್ದು ಮೇಲಿನ ಲೇಪ ಮಾತ್ರ. ಮನೆಯವರನ್ನು ಕರೆದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ ಮಾಡಿಬಿಟ್ಟಿ ಇದನ್ನ?"

"ತಿಕ್ಕೀನಿ. ಮತ್ತೇನ್ ಮಾಡ್ಲಿ? ಬಂಗ್ಲೆದಾಗಿನ ಡೇಗ್ಚಿ ಕಲಾಯಿ ಹೋಗೂದಿಲ್ಲೇನು? ಹಂಗ ಇದರದೂ ಹೋಗೇತಿ."

ಅದೇ ನೋಡಿ, ನನಗೆ ತಿಳಿದಿದ್ದದ್ದು ಅದೊಂದೇ. ಹಿತ್ತಾಳೆಯ ಮೇಲೆ ಬೆಳ್ಳಗಿದ್ದರೆ ಅದು ಕಲಾಯಿ. ಕಲಾಯಿ ಹೋದರೆ ಮತ್ತೆ ಹಾಕಿಸಬೇಕು. ಮರುದಿನ ಬಂಗಲೆಯ ನಾಲ್ಕು ಡೇಗ್ಚಿಗಳ ಜೊತೆ ಮೂತಿಯನ್ನೂ ಬುಟ್ಟಿಯಲ್ಲಿಟ್ಟುಕೊಂಡು ಪೇಟೆಯ ಕಲಾಯಿಗಾರನ ಹತ್ತಿರ ಹೋದೆ. ಮನೆಯವರೂ ಹಿಂದೆ ಬಂದರು, ಕೈ ಜೇಬಿನಲ್ಲಿಟ್ಟುಕೊಂಡು. ಕಲಾಯಿಗಾರ ಅದನ್ನು ಮೂಸಿ ನೋಡಿದ.

"ಇದ್ಯಾವ ಭಾಂಡಿ ಯಕ್ಕಾ? ತಳಾನ ಇಲ್ಲ!"

"ಭಾಂಡಿ ಅಲ್ಲಣ್ಣಾ, ಮೋಟಾರಿಂದು. ಹೊರಗೂ ಹಾಕು, ಒಳಗೂ ಹಾಕು."

"ಇದರಾಗ ಬಿಸಿ ಹೊಗಿ ಬರ್ತೈತಿ. ತಡೀತೈತೇನು?" ಎಂದು ಕೇಳಿದರು ಮನೆಯವರು. ಅಷ್ಟಾದರೂ ಕೇಳಿದರು, ಅದನ್ನು ಒಪ್ಪುತ್ತೇನೆ.

ಕಲಾಯಿಗಾರನಿಗೆ ಅವಮಾನವಾದಂತಾಯಿತು. "ಏನ್ ಮಾತ್ರಿ ಇದು? ನಾ ಹಾಕಿದ ಕಲಾಯಿ ಮ್ಯಾಲ ಇಡೀ ಊರು ಪಲ್ಲೆ ಬೇಯಸ್ತೈತಿ. ಒಲಿ ಮ್ಯಾಲ ಕರಗಲಾರದ್ದು ಹೊಗಿಗೆ ಕರಗತೈತೇನು? ತವರ ಒಂದು ಈಗ ಸಿಗವಲ್ದು, ಸ್ವಲ್ಪ ಸೀಸ ಕೂಡಸೀನಿ. ಹೊಳಪು ನೋಡ್ರಿ ನೀವು, ಹೊಳಪು."

ಪಾತ್ರೆಯಲ್ಲಿ ನೀರಿರುತ್ತದೆ, ಅದಕ್ಕೇ ಕಲಾಯಿ ಉಳಿಯುತ್ತದೆ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನು ಇದ್ದಿಲು ಊದಿ, ನವಸಾಗರ ಉದುರಿಸಿ, ಅರಳೆಯಿಂದ ಒರೆಸಿ ಕೊಟ್ಟ. ಮೂತಿ ಹೊಸದಾಯಿತು. ಸಾಹೇಬರು ಬಗ್ಗಿ ನೋಡಿ, ಮೀಸೆ ತುಸು ಮಬ್ಬು ಅಂದರು, ಅಷ್ಟೇ. ಪೆಟ್ರೋಲಿಲ್ಲದೆ ಮೋಟಾರು ಶೆಡ್ಡಿನಲ್ಲೇ ನಿಂತಿತ್ತಾದ್ದರಿಂದ ಅದೊಂದು ತಿಂಗಳು ನಮಗೆ ನೆಮ್ಮದಿ.

ಆಮೇಲೆ ಗುಲ್ಬರ್ಗದಿಂದ ಒಬ್ಬ ಇನ್ನೂ ದೊಡ್ಡ ಸಾಹೇಬರು ಬಂದರು. ಮಸ್ಕಿಯ ಗುಡ್ಡದಲ್ಲಿ ಹಳೆಯ ಅಕ್ಷರದ ಕಲ್ಲಿದೆಯಲ್ಲ, ಅದನ್ನು ನೋಡಬೇಕಂತೆ. ಎಲ್ಲಿಂದಲೋ ಪೆಟ್ರೋಲು ಬಂತು. ಅಡಿಗೆಯವರೂ ಪಾತ್ರೆಗಳೂ ನಾನೂ ಹಿಂದಿನ ದಿನವೇ ಬಂಡಿಯಲ್ಲಿ ಮಸ್ಕಿಗೆ ಹೋಗಿ ಮುಸಾಫರಿ ಬಂಗಲೆಯಲ್ಲಿ ಒಲೆ ಹೂಡಿದೆವು. ಮರುದಿನ ಊಟದ ಹೊತ್ತು ಸಮೀಪಿಸಿದರೂ ಮೋಟಾರು ಬರಲಿಲ್ಲ. ಹಳ್ಳದ ಮರಳಿನಲ್ಲಿ ಗಾಲಿ ಹೂತಿದೆ, ದಬ್ಬಲು ಜನ ಬೇಕು ಎಂದು ಚಪರಾಸಿ ಓಡಿ ಬಂದ. ಎಲ್ಲರೂ ಹೋದರು. ಕೈಯಲ್ಲಿದ್ದ ಬೂದಿ ಕೊಡವಿ ನಾನೂ ಹೋದೆ.

ಮನೆಯವರು ಎಕ್ಸಿಲೇಟರ್ ಒತ್ತುತ್ತಲೇ ಇದ್ದರು. ಮೋಟಾರು ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಿತ್ತು, ಗಾಲಿ ಮಾತ್ರ ಇದ್ದಲ್ಲೇ ತಿರುಗುತ್ತಿತ್ತು. ಹತ್ತು ಜನ ಹಿಂದಿನಿಂದ ದಬ್ಬುತ್ತಿದ್ದರು. ಅವರಲ್ಲೊಬ್ಬ ತಟ್ಟನೆ ಕೈಬಿಟ್ಟು ಕೂಗಿದ:

"ಏ, ಮೋಟಾರಿಗೆ ನೆಗಡಿ ಆಗೇತಿ! ಮೂಗು ಸೋರಾಕತ್ತೈತಿ ನೋಡ್ರಲೇ!"

ಮೂತಿಯ ಅಂಚಿನಿಂದ ಬೆಳ್ಳಗೆ ಒಂದು ಹನಿ ತೂಗಿ ಮರಳಿಗೆ ಬಿತ್ತು. ಹಿಂದೆಯೇ ಇನ್ನೊಂದು. ದಬ್ಬುವವರೆಲ್ಲ ನಿಂತು ನಕ್ಕರು. ಇಬ್ಬರು ಸಾಹೇಬರೂ ಇಳಿದು ಹಿಂದಕ್ಕೆ ಬಂದರು. ಕಲಾಯಿ ಎಲ್ಲ ಗಡ್ಡೆಗಟ್ಟಿ ಇಳಿದು, ನಡುವೆ ಹಿತ್ತಾಳೆ ಹಲ್ಲು ಕಿಸಿದಿತ್ತು. ನಮ್ಮ ಸಾಹೇಬರ ಮುಖ ಕೆಂಪಾಯಿತು, ಅತಿಥಿಯ ಎದುರು.

"ಯಾರು ಮಾಡಿದ್ದು ಇದು?"

"ನಾನರೀ, ಸಾಹೇಬ್ರ," ಅಂದರು ಮನೆಯವರು, ಇಳಿದು ನಿಂತು. ಕೈ ಜೇಬಿಗೆ ಹೋಗಿತ್ತು.

"ನೀರು ಹಾಕಿ ತೆಗಿ ಅದನ್ನ. ಉಜ್ಜು. ನನ್ನ ಮುಂದೆ ಉಜ್ಜು."

ಅವರು ಮೂತಿ ತಣಿಸಿ, ಕಳಚಿ, ಮರಳಿನಲ್ಲಿ ಕುಳಿತರು. ಎಡಗೈಯಲ್ಲಿ ಮೂತಿ ಹಿಡಿದರು. ಬಲಗೈ ಹೊರಗೆ ತೆಗೆಯಲೇಬೇಕಾಯಿತು. ಚಪರಾಸಿ ಕೊಟ್ಟ ಬಟ್ಟೆ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಜನ ನಗುವುದನ್ನು ನಿಲ್ಲಿಸಿದರು. ನಕ್ಕಿದ್ದರೇ ಚೆನ್ನಾಗಿತ್ತು.

"ಕೈಗೆ ಏನಾಗ್ಯದ?" ಎಂದರು ಸಾಹೇಬರು, ಮೆಲ್ಲಗೆ.

ಮನೆಯವರು ನಾಲ್ಕನೆಯ ಸಲ ಬಟ್ಟೆಗೆ ಕೈ ಚಾಚಿದರು. ನನಗೆ ಖೋಲಿ ಕಣ್ಣ ಮುಂದೆ ಬಂತು. ಸೆರಗು ಹೊದ್ದುಕೊಂಡು ಹೋಗಿ ಅವರ ಕೈಯಿಂದ ಮೂತಿ ಕಸಿದುಕೊಂಡೆ. "ಅವರ ಕೈ ಮುರಿದೇತ್ರಿ ಸಾಹೇಬ್ರ. ಎರಡು ವರ್ಷ ಆತು. ಇದನ್ನ ದಿನಾ ತಿಕ್ಕಾಕಿ ನಾನು. ಕಲಾಯಿ ಹಾಕಿಸಿದಾಕಿನೂ ನಾನು. ಮೋಟಾರ್ ಹೊಡ್ಯೂದ್ರಾಗ ಏನಾರ ಕಮ್ಮಿ ಮಾಡ್ಯಾರೇನು, ನೀವೇ ಹೇಳ್ರಿ," ಎಂದು ಹೇಳುತ್ತ ಮರಳು ಹಿಡಿದು ಉಜ್ಜತೊಡಗಿದೆ. ಮಾತು ನಿಂತರೂ ಕೈ ನಿಲ್ಲಲಿಲ್ಲ.

ದೊಡ್ಡ ಸಾಹೇಬರು ಉರ್ದುವಿನಲ್ಲಿ ಏನೋ ಕೇಳಿದರು. ನಮ್ಮ ಸಾಹೇಬರು ನನ್ನನ್ನು ಕೇಳಿದರು: ಯಾವುದರಿಂದ ತಿಕ್ಕುತ್ತೀ? ಹೇಳಿದೆ. ದೊಡ್ಡ ಸಾಹೇಬರು ಅಯ್ಯೋ ಎಂಬಂತೆ ಹಣೆ ಮುಟ್ಟಿಕೊಂಡರು. ಅವರ ಮಾತನ್ನು ನಮ್ಮ ಸಾಹೇಬರು ಕನ್ನಡದಲ್ಲಿ ಹೇಳಿದರು: "ಇದು ಕ್ರೋಮು. ಇದಕ್ಕ ಬೂದಿ ಬ್ಯಾಡ, ಹುಣಸೆ ಬ್ಯಾಡ. ಹಸಿ ಬಟ್ಟೆಲೆ ಒರಸಿದ್ರ ಸಾಕಿತ್ತು."

ಒದ್ದೆ ಬಟ್ಟೆ! ನೀರಲ್ಲಿ ಅದ್ದಿ, ಹಾಗೆ ಮೇಲೆ ಆಡಿಸಿದರೆ ಆಗುತ್ತಿತ್ತು. ಅದನ್ನು ಮನೆಯವರೇ ಎಡಗೈಯಲ್ಲಿ ಮಾಡಬಹುದಿತ್ತು. ನಾನು ಮರಳಿನಲ್ಲಿ ಕುಳಿತೇ ಇದ್ದೆ. ಅಷ್ಟು ದಣಿವು ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಸಾಹೇಬರು ಬಗ್ಗಿ ನನ್ನ ಕೈಯಲ್ಲಿದ್ದ ಮೂತಿಯನ್ನು ನೋಡಿದರು. ಕಡೆಗೆ, "ಮೋಟಾರ್ ಅವನೇ ಹೊಡೀಲಿ. ಇದು ಹಿತ್ತಾಳೆನೇ ಇರ್ಲಿ. ದಿನಾ ನೀ ತಿಕ್ಕು," ಅಂದರು. ನೌಕರಿ ಉಳಿಯಿತು. ಹಿತ್ತಾಳೆ ಆದಮೇಲೆ ಅದಕ್ಕೆ ಹುಣಸೆಹಣ್ಣು ನಿಜವಾಗಿಯೂ ಬೇಕಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಸಂಜೆ ಮುಸಾಫರಿ ಬಂಗಲೆಯ ಹಿಂದೆ ಪಾತ್ರೆ ತಿಕ್ಕುತ್ತಿದ್ದಾಗ ಮನೆಯವರು ಬಂದು ನಿಂತರು.

"ನೀ ಯಾಕ ಬಂದಿ ನಡುವ? ನೌಕರಿ ಹೋದ್ರ ಹೋಗ್ತಿತ್ತು."

"ಹೋಗಿದ್ರ ಎಲ್ಲಿ ಇರ್ತಿದ್ವಿ?"

"ಹತ್ತು ಮಂದಿ ಮುಂದ ನನ್ನ ಕೈ ಬಿಚ್ಚಿ ಇಟ್ಟಿ ನೀ."

"ನನ್ನ ಕೈ ನೋಡೀರೇನು?" ಎಂದು ಎರಡೂ ಕೈ ಅವರ ಮುಖದ ಮುಂದೆ ಹಿಡಿದೆ. "ಎರಡು ವರ್ಷದಾಗ ಒಂದು ದಿನಾರ ನೋಡೀರೇನು?" ಸಿಟ್ಟಿಗೆ ಅಳು ಬಂತು. ಅವರು ಸೀಳಿದ ಬೆರಳುಗಳನ್ನು ನೋಡಿದರು, ತಿರುಗಿ ಹೋದರು. ಲಿಂಗಸುಗೂರಿಗೆ ಮರಳಿದ ಮೇಲೂ ಮೂರು ದಿನ ಮಾತಿಲ್ಲ.

ನಾಲ್ಕನೆಯ ದಿನ ಸಾಹೇಬರು ಇನ್ನೂ ನಾಷ್ಟಾಕ್ಕೆ ಕುಳಿತಿದ್ದ ಹೊತ್ತು, ಬಿಸಿಲು ಚೆನ್ನಾಗಿ ಬಂದಿತ್ತು. ಇನ್ನು ಕದ್ದು ಮಾಡುವ ಕೆಲಸವಲ್ಲವಲ್ಲ. ಚಪರಾಸಿ, ಟಾಂಗಾದವನು ಎಲ್ಲರೂ ಅಲ್ಲೇ ಓಡಾಡುತ್ತಿದ್ದರು. ನಾನು ಕಲ್ಲಿನ ಮೇಲೆ ಮೂತಿ ಇಟ್ಟು ತಿಕ್ಕುತ್ತಿದ್ದೆ, ಅದು ಉರುಳಿ ಉರುಳಿ ಹೋಗುತ್ತಿತ್ತು. ಯಾರೋ ಎದುರಿಗೆ ಕುಳಿತದ್ದು ಗೊತ್ತಾಯಿತು. ಮೂರು ಬೆರಳು ಮಡಚದ ಆ ಬಲಗೈ ಬಂದು ಮೂತಿಯನ್ನು ಕಲ್ಲಿಗೆ ಒತ್ತಿ ಹಿಡಿಯಿತು. ಅಂಗೈಯಲ್ಲಿ ಶಕ್ತಿ ಇತ್ತು, ಮೂತಿ ಅಲುಗಲಿಲ್ಲ. ನಾನು ತಲೆ ಎತ್ತದೆ ತಿಕ್ಕಿದೆ. ಅವರ ಮೈಮೇಲೆ ಅಂಗಿಯಷ್ಟೇ ಇತ್ತು. ಕೋಟು ಖೋಲಿಯಲ್ಲಿ ಗೂಟಕ್ಕೆ ತೂಗುತ್ತಿತ್ತು.